ಅಡುಗೆಮನೆಯಲ್ಲಿ ಜಪಾನಿ ಅಕ್ಷರಾಭ್ಯಾಸ

"ಕಾಂಜಿ ಅಂದ್ರೆ ಏನೇ? ಗಂಜೀನಾ?" ಎಂದು ನಮ್ಮತ್ತೆ ಕೇಳಿದಾಗ ನಾನೂ ಮಗಳೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಮ್ಮ ಮನೆಯಲ್ಲಿ ಅಂಥ ನಗು ಕೇಳಿ ತಿಂಗಳೇ ಆಗಿತ್ತು.

ಮಗಳು ನರ್ಸಿಂಗ್ ಮುಗಿಸಿದವಳು. ಜಪಾನಿಗೆ ಹೋಗಿ ವಯಸ್ಸಾದವರ ಆರೈಕೆಯ ಕೆಲಸಕ್ಕೆ ಸೇರಬೇಕೆಂಬುದು ಅವಳ ಆಸೆ. 2021ರ ಜನವರಿಯಲ್ಲಿ ನಮ್ಮ ದೇಶಕ್ಕೂ ಜಪಾನಿಗೂ ಒಪ್ಪಂದವಾದ ಮೇಲೆ ನಮ್ಮ ಹುಡುಗ ಹುಡುಗಿಯರಿಗೆ ಇಂಥ ಕೆಲಸಗಳ ಬಾಗಿಲು ತೆರೆದಿದೆ. ಆದರೆ ಕೆಲಸದ ಪರೀಕ್ಷೆಯ ಜೊತೆಗೆ ಭಾಷೆಯ ಪರೀಕ್ಷೆಯಲ್ಲೂ ಪಾಸಾಗಬೇಕು. ಬೆಂಗಳೂರಿನಲ್ಲಿ ಆರು ತಿಂಗಳು ಕ್ಲಾಸಿಗೆ ಹೋದಳು. ಮೊದಲ ಸಲ ಫೇಲಾದಳು. ಪುಸ್ತಕಗಳನ್ನೆಲ್ಲ ಅಟ್ಟಕ್ಕೆ ಎಸೆದು, "ನನ್ ತಲೆಗೆ ಹತ್ತಲ್ಲಮ್ಮ" ಎಂದು ಮಂಕಾಗಿ ಕೂತುಬಿಟ್ಟಳು.

ಏನು ಹೇಳಿದರೂ ಏಳಳು. ಒಂದು ದಿನ ನನ್ನ ಬಾಯಿಂದ ಬಂದೇಬಿಟ್ಟಿತು: "ಇಳಿಸೇ ಆ ಪುಸ್ತಕಾನ. ನಿನ್ ಜೊತೆ ನಾನೂ ಕಲೀತೀನಿ."

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಮದುವೆಯಾದ ಮೇಲೆ ಬರೆದದ್ದೆಂದರೆ ಹಾಲಿನ ಲೆಕ್ಕ, ಅರಸೀಕೆರೆ ಮಾರ್ಕೆಟ್ಟಿಗೆ ಹಾಕಿದ ಕೊಬ್ಬರಿಯ ಲೆಕ್ಕ, ಅಷ್ಟೇ. "ಇನ್ಮೇಲೆ ಮುದ್ದೆ ಬಿಟ್ಟು ಹಸಿ ಮೀನು ತಿನ್ನಿಸ್ತೀಯೇನೋ!" ಎಂದು ನಮ್ಮೆಜಮಾನರು ನಕ್ಕರು. ನಗಲಿ ಬಿಡಿ ಎಂದುಕೊಂಡೆ.

ಅ, ಇ, ಉ, ಎ, ಒ

ಜಪಾನಿಯಲ್ಲಿ ಮೂರು ಬಗೆಯ ಬರಹ ಒಟ್ಟಿಗೇ ಬಳಕೆಯಲ್ಲಿದೆ: ಹಿರಗಾನ, ಕಟಕಾನ, ಕಾಂಜಿ. ಮೂರು ಎಂದು ಕೇಳಿಯೇ ಎದೆ ಡವಡವ ಎಂದಿತು. ಆದರೆ ಹಿರಗಾನದ ಮೊದಲ ಸಾಲು ಓದಿದಾಗ ಆಶ್ಚರ್ಯವಾಯಿತು. ಅ, ಇ, ಉ, ಎ, ಒ! ಆಮೇಲೆ ಕ, ಕಿ, ಕು, ಕೆ, ಕೊ. ಹೀಗೇ ಸ, ತ, ನ, ಹ, ಮ, ಯ, ರ, ವ. ನಮ್ಮ ಕಾಗುಣಿತವೇ ಬೇರೆ ಸೀರೆ ಉಟ್ಟು ಬಂದಂತಿತ್ತು. ಹಿಂದೆ ಅಲ್ಲಿನ ಬೌದ್ಧ ಭಿಕ್ಷುಗಳು ಸಂಸ್ಕೃತದ ಅಕ್ಷರಗಳನ್ನು ಅಭ್ಯಾಸ ಮಾಡುತ್ತಿದ್ದುದರಿಂದ ಈ ಜೋಡಣೆ ಬಂತಂತೆ. ನಮ್ಮ ಸರಸ್ವತಿಯೂ ಹಾಗೇ ಅಲ್ಲಿಗೆ ಹೋಗಿ, ಬೆಂಜೈತೆನ್ ಎಂಬ ಹೆಸರಿನಲ್ಲಿ ಕೈಯಲ್ಲಿ ವಾದ್ಯ ಹಿಡಿದು ಪೂಜೆಗೊಳ್ಳುತ್ತಿದ್ದಾಳೆ.

ಹಿರಗಾನದಲ್ಲಿ ಮೂಲ ಅಕ್ಷರ 46. "ಕ" ಪಕ್ಕ ಎರಡು ಚಿಕ್ಕ ಗೀಟು ಹಾಕಿದರೆ "ಗ", "ತ" ಪಕ್ಕ ಹಾಕಿದರೆ "ದ". "ಲ" ಇಲ್ಲ, "ರ"ವೇ ಗತಿ. "ಸಿ"ಯೂ ಇಲ್ಲ, "ಶಿ" ಇದೆ. ಹಾಗಾಗಿ ನಮ್ಮ ಮಾಲೇಕಲ್ಲು "ಮಾರೇಕರ್ರು" ಆಯಿತು, ಅರಸೀಕೆರೆ "ಅರಶೀಕೆರೆ" ಆಯಿತು!

ಆಕಾರಗಳನ್ನು ನೆನಪಿಡಲು ನನ್ನದೇ ಉಪಾಯ ಮಾಡಿಕೊಂಡೆ. "ನೊ" ಎಂದರೆ ಚಕ್ಕುಲಿಯ ಮೊದಲ ಸುತ್ತು. "ಕು" ಬಾಯಿ ತೆರೆದ ಹಕ್ಕಿಯ ಕೊಕ್ಕು. "ಶಿ" ಮೀನಿನ ಗಾಳ. "ಹೆ" ಎಂದರೆ ಹಿತ್ತಲಲ್ಲಿ ನಿಂತು ನೋಡಿದರೆ ಕಾಣುವ ನಮ್ಮ ತಿರುಪತಿ ಬೆಟ್ಟ. ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸುವಂತೆ ತಟ್ಟೆಯಲ್ಲಿ ಅಕ್ಕಿ ಹರಡಿ ಬೆರಳಲ್ಲಿ ತಿದ್ದಿದೆ. ಮೂರು ವಾರಕ್ಕೆ ಹಿರಗಾನ ಕೈಗೆ ಬಂತು.

ಅದು ಹೆಂಗಸರ ಕೈಬರಹ

ಈ ಹಿರಗಾನದ ಹಿಂದಿನ ಕಥೆಯನ್ನು ಮಗಳು ಹೇಳಿದ ಮೇಲೆ ನನಗೆ ಹುರುಪು ಇಮ್ಮಡಿಯಾಯಿತು. ನಮ್ಮ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸುಮಾರು ಕ್ರಿ.ಶ. 450ರಲ್ಲೇ ಕನ್ನಡದ ಶಾಸನ ಕೆತ್ತಿದ್ದಾರೆ. ಆಗ ಜಪಾನಿಗೆ ಸ್ವಂತ ಲಿಪಿಯೇ ಇರಲಿಲ್ಲ. ಚೀನೀ ಅಕ್ಷರಗಳನ್ನು ತಂದುಕೊಂಡರು. ಓದಿದ ಗಂಡಸರು ಚೀನೀ ಭಾಷೆಯಲ್ಲೇ ಬರೆಯುವುದು ದೊಡ್ಡಸ್ತಿಕೆಯಾಯಿತು. ಆ ಕಷ್ಟದ ಅಕ್ಷರಗಳನ್ನು ಬೇಗಬೇಗ ಬರೆಯುತ್ತ ಬರೆಯುತ್ತ ಸವೆದು ಹುಟ್ಟಿದ್ದೇ ಹಿರಗಾನ. ಹೆಂಗಸರು ಹೆಚ್ಚಾಗಿ ಬಳಸುತ್ತಿದ್ದುದರಿಂದ ಅದಕ್ಕೆ "ಒನ್ನದೆ", ಅಂದರೆ ಹೆಣ್ಣಿನ ಕೈ, ಎಂದೇ ಹೆಸರಿತ್ತು.

ಆದರೆ ಏನಾಯಿತು ನೋಡಿ! ಹನ್ನೊಂದನೇ ಶತಮಾನದ ಆರಂಭದಲ್ಲಿ ಅರಮನೆಯಲ್ಲಿದ್ದ ಮುರಾಸಾಕಿ ಶಿಕಿಬು ಎಂಬಾಕೆ ಈ ಅಕ್ಷರಗಳಲ್ಲೇ "ಗೆಂಜಿಯ ಕಥೆ" ಬರೆದಳು. ಇಂದಿಗೂ ಜಗತ್ತಿನ ಮೊಟ್ಟಮೊದಲ ಕಾದಂಬರಿ ಅದೇ ಎನ್ನುವವರು ಬಹಳ ಮಂದಿ. ಹೆಂಗಸರದ್ದೆಂದು ಬದಿಗಿಟ್ಟ ಬರಹವನ್ನೇ ಇವತ್ತು ಜಪಾನಿನ ಪ್ರತಿಯೊಂದು ಮಗುವೂ ಮೊದಲು ಕಲಿಯುತ್ತದೆ.

ವಾಕ್ಯ ನಮ್ಮದೇ ಜಾಯಮಾನ

ಶಾಲೆಯಲ್ಲಿ ಇಂಗ್ಲಿಷಿನ ವಾಕ್ಯರಚನೆಗೆ ನಾನು ಎಷ್ಟು ಪೆಟ್ಟು ತಿಂದಿದ್ದೆನೋ! ಜಪಾನಿಯಲ್ಲಿ ಆ ಕಾಟವಿಲ್ಲ. "ವತಾಶಿ ವ ಗೊಹಾನ್ ಒ ತಾಬೆಮಾಸು": ನಾನು ಅನ್ನವನ್ನು ತಿನ್ನುತ್ತೇನೆ. ಕ್ರಿಯಾಪದ ಕೊನೆಗೇ. "ಅನ್ನವನ್ನು" ಎಂಬಲ್ಲಿ ನಮ್ಮ "ಅನ್ನು" ಇರುವ ಜಾಗದಲ್ಲೇ ಅವರ "ಒ". ಪ್ರಶ್ನೆಗೆ ಕೊನೆಯಲ್ಲಿ "ಕ" ಸೇರಿಸಿದರಾಯಿತು, ನಾವು "ತಿಂತೀಯಾ?" ಎಂದು ಎಳೆದ ಹಾಗೆ.

ಇನ್ನೂ ಒಂದು ಸೊಗಸು. ಹೊಸ ಅಡುಗೆ ಮಾಡಿದಾಗ "ತಿಂದು ನೋಡು" ಎನ್ನುತ್ತೇವಲ್ಲ, ತಿನ್ನುವುದಕ್ಕೂ ನೋಡುವುದಕ್ಕೂ ಏನು ಸಂಬಂಧ? ಜಪಾನಿಯರೂ "ತಾಬೆತೆ ಮಿರು" ಎನ್ನುತ್ತಾರೆ. "ತಾಬೆತೆ" ಎಂದರೆ ತಿಂದು, "ಮಿರು" ಎಂದರೆ ನೋಡುವುದು! ಎದೆ ಹೊಡೆದುಕೊಂಡರೆ ನಮಗೆ "ಡವಡವ", ಅವರಿಗೆ "ದೊಕಿದೊಕಿ". ಪಾತ್ರೆ ನಮಗೆ "ಫಳಫಳ", ಅವರಿಗೆ "ಪಿಕಪಿಕ". ಮಗಳು ಕ್ಲಾಸಿನಲ್ಲಿ ಎಲ್ಲವನ್ನೂ ಇಂಗ್ಲಿಷಿಗೆ ತಿರುಗಿಸಿಕೊಂಡು ಒದ್ದಾಡಿದ್ದಳು. ಅವಳು ಎಡವಿದ್ದು ಅಲ್ಲೇ ಎಂದು ಇಬ್ಬರಿಗೂ ಆಗ ಹೊಳೆಯಿತು. ಅಂದಿನಿಂದ ಕನ್ನಡದಿಂದ ನೇರ ಜಪಾನಿಗೆ ಹೋದೆವು. ಎರಡನೇ ಸಲ ಅವಳು ಪಾಸಾದಳು.

ಕಾಂಜಿ ಎಂಬ ಬೆಟ್ಟ

ಕಟಕಾನ ಹೊರದೇಶದ ಪದಗಳಿಗೆ. ಕಾಫಿ ಅಲ್ಲಿ "ಕೋಹೀ". ಬ್ರೆಡ್ಡಿಗೆ "ಪಾನ್". ನಮ್ಮ ಬೇಕರಿಯ "ಪಾವ್" ಹೇಗೆ ಪೋರ್ಚುಗೀಸರಿಂದ ಬಂತೋ ಅದೂ ಹಾಗೇ.

ಕಾಂಜಿ ಮಾತ್ರ ನಿಜಕ್ಕೂ ಬೆಟ್ಟ. ನಿತ್ಯಬಳಕೆಗೆಂದು ಅಲ್ಲಿನ ಸರ್ಕಾರ 2010ರಲ್ಲಿ ಗೊತ್ತುಮಾಡಿದ ಪಟ್ಟಿಯಲ್ಲೇ 2136 ಅಕ್ಷರ. ಪ್ರೈಮರಿ ಮಕ್ಕಳೇ 1026 ಕಲಿಯಬೇಕು. ಆದರೆ ಕೆಲವು ಅಕ್ಷರಗಳು ಒಂದೊಂದು ಚಿತ್ರ. ಒಂದು ಮರ ಬರೆದರೆ ಮರ, ಎರಡು ಬರೆದರೆ ತೋಪು, ಮೂರು ಬರೆದರೆ ಕಾಡು. ಮರದ ಪಕ್ಕ ಮನುಷ್ಯನನ್ನು ನಿಲ್ಲಿಸಿದರೆ "ವಿಶ್ರಾಂತಿ".

ಸೂರಿನ ಕೆಳಗೆ ಹೆಣ್ಣನ್ನು ಕೂರಿಸಿದರೆ "ನೆಮ್ಮದಿ". ಅದನ್ನು ಓದಿ ಹಿಗ್ಗಿದೆ. ಮಾರನೇ ಪಾಠದಲ್ಲಿ ನೋಡಿದರೆ ಅದೇ ಅಕ್ಷರಕ್ಕೆ "ಅಗ್ಗ" ಎಂಬ ಅರ್ಥವೂ ಇದೆ! ಮನೆಯಲ್ಲಿರುವ ಹೆಂಗಸಿನ ಬೆಲೆ ಇಷ್ಟೇ ಏನೋ ಎಂದು ನಮ್ಮೆಜಮಾನರಿಗೆ ಕೇಳುವಂತೆ ಅಂದೆ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ. ಆದರೆ ಮರುದಿನ ಅರಸೀಕೆರೆಯಿಂದ ಬರುವಾಗ ಎರಡು ಚೌಕಳಿ ನೋಟ್‌ಬುಕ್ ತಂದುಕೊಟ್ಟರು.

ನೀವೂ ಕಲಿಯುವುದಾದರೆ

ಸೋದರಿಯರೇ, ನನ್ನ ಅನುಭವದಿಂದ ನಾಲ್ಕು ಮಾತು.

ದಿನಕ್ಕೆ ಇಪ್ಪತ್ತು ನಿಮಿಷ ಸಾಕು, ಆದರೆ ತಪ್ಪಿಸಬಾರದು. ನಾನು ಕುಕ್ಕರ್ ಕೂಗುವ ಹೊತ್ತನ್ನು ಇದಕ್ಕೇ ಇಟ್ಟುಕೊಂಡೆ.

ಲೆಕ್ಕದ ಚೌಕಳಿ ನೋಟ್‌ಬುಕ್ಕಿನಲ್ಲಿ, ಚೌಕಕ್ಕೊಂದು ಅಕ್ಷರದಂತೆ ಕೈಯಲ್ಲೇ ಬರೆಯಿರಿ. ಯಾವ ಗೆರೆ ಮೊದಲು, ಯಾವುದು ಆಮೇಲೆ ಎಂಬ ಕ್ರಮವಿದೆ. ಎಳೆ ರಂಗೋಲಿಯಂತೆ, ಕ್ರಮ ತಪ್ಪಿದರೆ ರೂಪ ಕೆಡುತ್ತದೆ.

ಉಚ್ಚಾರಣೆಯನ್ನು ಇಂಗ್ಲಿಷಿನಲ್ಲಿ ಬರೆದುಕೊಳ್ಳಬೇಡಿ, ಕನ್ನಡದಲ್ಲೇ ಬರೆದುಕೊಳ್ಳಿ. ಹ್ರಸ್ವ ದೀರ್ಘ ಸ್ಪಷ್ಟವಾಗಿರುತ್ತದೆ. ಹಿರಗಾನ ಬಂದ ಮೇಲೆ ಅದನ್ನೂ ಬಿಟ್ಟುಬಿಡಿ.

"ಮಿನ್ನ ನೊ ನಿಹೊಂಗೊ" ಎಂಬ ಪುಸ್ತಕ ಬಹಳ ಕಡೆ ಪಾಠಕ್ಕಿದೆ. ಜಪಾನ್ ಫೌಂಡೇಶನ್‌ನವರ "ಇರೊದೊರಿ" ಪಾಠಗಳು ಮೊಬೈಲಿನಲ್ಲಿ ಪುಕ್ಕಟೆ ಸಿಗುತ್ತವೆ. ಪರೀಕ್ಷೆ ಬೇಕೆನ್ನುವವರಿಗೆ ಬೆಂಗಳೂರಿನಲ್ಲೇ ಕೇಂದ್ರವಿದೆ. ಎಲ್ಲಕ್ಕಿಂತ ಕೆಳಗಿನ ಎನ್-5 ಹಂತಕ್ಕೆ 180ಕ್ಕೆ 80 ಅಂಕ ಬಂದರೆ ಪಾಸು. ಆದರೆ ಓದುವ ಭಾಗದಲ್ಲಿ 38, ಕೇಳುವ ಭಾಗದಲ್ಲಿ 19 ಬರಲೇಬೇಕು.

ಹತ್ತು ಸಾಲಿನ ಕಾಗದ

ಮಗಳು ವಿಮಾನ ಹತ್ತಿದ ಮೇಲೆ ಪುಸ್ತಕ ತೆಗೆದರೆ ಕಣ್ಣು ಮಂಜಾಗುತ್ತಿತ್ತು. ಅವಳ ಪಾಠ ಮುಗಿಯಿತು, ನನಗಿನ್ನು ಯಾಕೆ ಎನಿಸಿತು. ಆದರೂ ಕುಕ್ಕರ್ ಇಟ್ಟ ಕೂಡಲೇ ಕೈ ನೋಟ್‌ಬುಕ್ಕಿನ ಕಡೆಗೇ ಹೋಗುತ್ತಿತ್ತು. ಮುಂದುವರಿಸಿದೆ. ಕೊನೆಗೊಂದು ದಿನ ಹಿರಗಾನದಲ್ಲಿ ಹತ್ತು ಸಾಲಿನ ಕಾಗದ ಬರೆದು ಪೋಸ್ಟಿಗೆ ಹಾಕಿದೆ. ಅವಳು ನೋಡಿಕೊಳ್ಳುವ ಒಬ್ಬ ಅಜ್ಜಿಗೆ ನಮಸ್ಕಾರವನ್ನೂ ತಿಳಿಸಿದ್ದೆ. ಅಲ್ಲೇ ಎಡವಟ್ಟಾಯಿತು. ಅಜ್ಜಿ ಎಂದರೆ "ಒಬಾಸಾನ್", ದೀರ್ಘ. ನಾನು "ಒಬಸಾನ್" ಎಂದು ಬರೆದಿದ್ದೆ. ಹಾಗೆಂದರೆ ಚಿಕ್ಕಮ್ಮ! ದೀರ್ಘದ ಬಗ್ಗೆ ನಿಮಗೆಲ್ಲ ಬುದ್ಧಿ ಹೇಳಿದವಳು ನಾನೇ!

ಅಜ್ಜಿ ಕಾಗದ ಓದಿ, ತನ್ನ ವಯಸ್ಸನ್ನು ಇಳಿಸಿಬಿಟ್ಟಳೆಂದು ಬಾಯಿ ಮುಚ್ಚಿಕೊಂಡು ನಕ್ಕರಂತೆ. ಫೋನಿನಲ್ಲಿ ಇದನ್ನು ಹೇಳುತ್ತಿದ್ದ ಮಗಳ ದನಿ ಸಣ್ಣಗಾಯಿತು.

"ಅಮ್ಮ, ನೀನು ಕನ್ನಡದಲ್ಲಿ ಬರೆದಿದ್ರೆ ನಾನೊಬ್ಳೇ ಓದ್ಕೊಂಡು ಅಳ್ತಿದ್ದೆ. ಇದನ್ನ ಇಲ್ಲಿ ಎಲ್ರೂ ಓದಿದ್ರು. ನಮ್ಮಮ್ಮ ಬರ್ದಿದ್ದು ಅಂತ ಹೇಳ್ಕೊಂಡೆ."

ಮಗಳಿಗೆ ಜೊತೆಯಾಗಲೆಂದು ಶುರುಮಾಡಿದ್ದು. ಈಗ ಎರಡನೇ ಚೌಕಳಿ ನೋಟ್‌ಬುಕ್ ಮುಗಿಯುತ್ತಾ ಬಂದಿದೆ. ನಮ್ಮತ್ತೆ ಮಾತ್ರ ಇವತ್ತಿಗೂ ಬಾಗಿಲಲ್ಲಿ ಇಣುಕಿ, "ಆಯ್ತೇನೇ ನಿನ್ ಗಂಜಿ?" ಎಂದೇ ಕೇಳುತ್ತಾರೆ.