ಮನಸ್ಸು ಕುಗ್ಗಿದಾಗ ಒಸಡು ಊದುವುದೇಕೆ?

1914ರಿಂದ 1918ರವರೆಗೆ ನಡೆದ ಮೊದಲನೆಯ ಮಹಾಯುದ್ಧದಲ್ಲಿ, ಕಂದಕಗಳಲ್ಲಿ ಅಡಗಿ ಕುಳಿತಿದ್ದ ಸೈನಿಕರನ್ನು ಶತ್ರುವಿನ ಗುಂಡಲ್ಲದೆ ಮತ್ತೊಂದು ಪೀಡೆಯೂ ಕಾಡಿತು. ಹಲ್ಲುಗಳ ನಡುವಣ ಒಸಡಿನ ತುದಿ ಹುಣ್ಣಾಗಿ ಕೊಳೆತು, ಮುಟ್ಟಿದರೆ ನೆತ್ತರು ಒಸರಿ, ಬಾಯಿ ದುರ್ವಾಸನೆಯಿಂದ ತುಂಬುತ್ತಿತ್ತು. ‘ಟ್ರೆಂಚ್ ಮೌತ್’, ಎಂದರೆ ‘ಕಂದಕದ ಬಾಯಿ’ ಎಂದು ಅದಕ್ಕೆ ಹೆಸರಾಯಿತು. ಅಂಟುಜಾಡ್ಯವೆಂದೇ ಬಹುಕಾಲ ನಂಬಿದ್ದರು. ಹಾಗಲ್ಲವೆಂದು ಆಮೇಲೆ ತಿಳಿಯಿತು. ಕ್ರಿಮಿಗಳು ಆ ಬಾಯಿಗಳಲ್ಲಿ ಮೊದಲೇ ಇದ್ದುವು. ಭಯ, ನಿದ್ದೆಗೇಡು, ಅರೆಹೊಟ್ಟೆ, ಸಿಗರೇಟು ಇವೆಲ್ಲ ಕೂಡಿ ಅವುಗಳ ಕೈಗೆ ರಾಜ್ಯವನ್ನು ಒಪ್ಪಿಸಿದುವು. ಅದೇ ಬೇನೆ ಶಾಂತಿಕಾಲದಲ್ಲಿ ಪರೀಕ್ಷೆಯ ದಿನಗಳ ವಿದ್ಯಾರ್ಥಿಗಳಲ್ಲಿಯೂ ಕಾಣಿಸಿಕೊಂಡಿತೆಂಬುದು ದಂತವೈದ್ಯರಿಗೆ ಹೊಸ ಸುದ್ದಿಯೇನಲ್ಲ.

ಮನಸ್ಸಿನ ನೋವು ಒಸಡಿಗೆ ಇಳಿಯುವ ದಾರಿ ಯಾವುದು? ಮೊದಲನೆಯದು ತೀರ ಸರಳ. ಡೆನ್ಮಾರ್ಕಿನ ಆರ್ಹುಸ್ ನಗರದಲ್ಲಿ ಹರಾಲ್ಡ್ ಲ್ಯೋ ಮತ್ತು ಅವರ ಸಂಗಡಿಗರು 12 ಮಂದಿ ಆರೋಗ್ಯವಂತರಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. 10ರಿಂದ 21 ದಿನಗಳೊಳಗೆ ಎಲ್ಲರ ಒಸಡೂ ಕೆಂಪಗೆ ಉರಿಗೊಂಡಿತು. ಮತ್ತೆ ಉಜ್ಜತೊಡಗಿದರೆ ಸುಮಾರು ಒಂದು ವಾರದಲ್ಲಿ ಮೊದಲಿನಂತಾಯಿತು. ಈ ವರದಿ 1965ರಲ್ಲಿ ಪ್ರಕಟವಾಯಿತು. ಖಿನ್ನತೆಗೆ ಸಿಕ್ಕಿದ ಮನುಷ್ಯನು ಯಾರೂ ಹೇಳದೆಯೇ ಈ ಪ್ರಯೋಗಕ್ಕೆ ಒಳಗಾಗುತ್ತಾನೆ. ಹಾಸಿಗೆಯಿಂದ ಏಳುವುದೇ ಬೆಟ್ಟವಾಗಿರುವವನಿಗೆ ಬ್ರಷ್ಷು ಹಿಡಿಯುವ ಹುರುಪೆಲ್ಲಿಂದ ಬರಬೇಕು? ಮನೆಯವರು ಅದನ್ನು ಸೋಮಾರಿತನವೆನ್ನುತ್ತಾರೆ. ಆ ಮಾತು ಅನ್ಯಾಯದ್ದು.

ಆದರೆ ಉಜ್ಜುವುದೊಂದೇ ಕಾರಣವಲ್ಲ. ಜರ್ಮನಿಯ ರೆನಾಟ ಡೈನ್ಸರ್ ಮತ್ತು ಅವರ ಸಹೋದ್ಯೋಗಿಗಳು 1999ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಪರೀಕ್ಷೆಗೆ ಕುಳಿತ ವೈದ್ಯ ವಿದ್ಯಾರ್ಥಿಗಳ ಒಸಡಿನಂಚಿನ ದ್ರವವನ್ನು ಪರೀಕ್ಷಿಸಲಾಯಿತು. ಉರಿಯೂತವನ್ನು ಹೊತ್ತಿಸುವ ಇಂಟರ್‌ಲ್ಯೂಕಿನ್ ಎಂಬ ವಸ್ತು, ಪರೀಕ್ಷೆಯಿಲ್ಲದವರಿಗಿಂತ ಇವರಲ್ಲಿ ಹೆಚ್ಚಾಗಿತ್ತು. ಚೊಕ್ಕಟವಾಗಿಟ್ಟ ಹಲ್ಲಿನ ಬಳಿಯಲ್ಲೂ ಹೆಚ್ಚಾಗಿತ್ತು! ಬಹುದಿನದ ಚಿಂತೆಯಿಂದ ಮೂತ್ರಪಿಂಡದ ಮೇಲಣ ಗ್ರಂಥಿಗಳು ಕಾರ್ಟಿಸಾಲ್ ರಸವನ್ನು ಮಿತಿಮೀರಿ ಸುರಿಸಿದರೆ, ದೇಹದ ರಕ್ಷಣೆಯ ಏರ್ಪಾಡೇ ಹದಗೆಡುತ್ತದೆ.

ಅಮೆರಿಕದ ಬಫೆಲೋ ನಗರವಿರುವ ಈರಿ ಕೌಂಟಿಯಲ್ಲಿ ರಾಬರ್ಟ್ ಜೆಂಕೊ ಮತ್ತಿತರರು 1,426 ಮಂದಿಯನ್ನು ಪರೀಕ್ಷಿಸಿದ ವರದಿಯೂ 1999ರದೇ. ಹಣದ ಮುಗ್ಗಟ್ಟಿನಿಂದ ನೊಂದವರಲ್ಲಿ ಹಲ್ಲಿನ ಬುಡದ ಬಿಗಿ ಹೆಚ್ಚು ಸಡಿಲಿತ್ತು. ಅದೇ ಮುಗ್ಗಟ್ಟಿನಲ್ಲಿದ್ದೂ, ಕೊರಗುತ್ತ ಕೂರದೆ ಪರಿಹಾರದ ದಾರಿ ಹುಡುಕಿದವರ ಒಸಡು ಮಾತ್ರ ಉಳಿದವರಂತೆಯೇ ಇತ್ತು. ಇಂಥ ಲೆಕ್ಕಗಳಿಂದ ಒಂದು ಇನ್ನೊಂದಕ್ಕೆ ಕಾರಣವೆಂದು ಸಿದ್ಧವಾಗದು, ನಿಜ. ಒಸಡಿನ ಬೇನೆಯೇ ಖಿನ್ನತೆಯನ್ನು ತರುತ್ತದೆಂದು ಸಾರುವವರು ಇದನ್ನು ಮರೆಯುತ್ತಾರೆ. ಆದರೂ ಬಾಯಿ ನಾರುವುದೆಂಬ ಅಂಜಿಕೆಯಿಂದ ನಾಲ್ವರ ನಡುವೆ ಮಾತು ಬಿಟ್ಟವರು ಇನ್ನಷ್ಟು ಒಂಟಿಯಾಗುವರೆಂಬುದಕ್ಕೆ ಪುರಾವೆ ಬೇಕೆ?

ಮದ್ದಿನಲ್ಲಿಯೂ ಒಂದು ತೊಡಕುಂಟು. ಅಮಿಟ್ರಿಪ್ಟಿಲಿನ್‌ನಂಥ ಖಿನ್ನತೆಯ ಗುಳಿಗೆಗಳು ಜೊಲ್ಲನ್ನು ಬತ್ತಿಸುತ್ತವೆ. ಬಾಯಿಯನ್ನು ತೊಳೆಯುವ ಸಹಜ ನೀರು ಅದೇ. ಹಾಗೆಂದು ಗುಳಿಗೆಯನ್ನು ತಾವಾಗಿಯೇ ನಿಲ್ಲಿಸುವುದು ಅಪಾಯ. ಆಗಾಗ್ಗೆ ಗುಟುಕು ನೀರು ಕುಡಿಯಬಹುದು, ಯಾವ ಮದ್ದೆಂಬುದನ್ನು ದಂತವೈದ್ಯರಿಗೆ ತಿಳಿಸಬೇಕು. ಬೀಡಿ ಸಿಗರೇಟು ಸೇದುವವರು ರಕ್ತ ಬರುತ್ತಿಲ್ಲವೆಂದು ನೆಮ್ಮದಿ ತಾಳುವಂತಿಲ್ಲ. ಹೊಗೆಯು ರಕ್ತ ಒಸರುವುದನ್ನು ಅಡಗಿಸಿ ಬೇನೆಯನ್ನು ಮರೆಮಾಚುತ್ತದೆ.

ಕುಗ್ಗಿರುವವನಿಗೆ ಮನೆಯವರು ಎರಡು ಹೊತ್ತಿನ ಉಪದೇಶದ ಬದಲು ರಾತ್ರಿ ಒಂದು ಹೊತ್ತು, ತಾವೂ ಜೊತೆಗೆ ನಿಂತು ಹಲ್ಲುಜ್ಜಿಸಿದರೆ ಸಾಕು. ಎರಡು ವಾರ ಕಳೆದರೂ ಮುಖದ ಮೇಲಿನ ಮೋಡ ಚೆದರದಿದ್ದರೆ, ದಂತವೈದ್ಯರಲ್ಲಿಗಷ್ಟೇ ಅಲ್ಲ, ಮನೋವೈದ್ಯರಲ್ಲಿಗೂ ಕರೆದೊಯ್ಯತಕ್ಕದ್ದು.