ಮೊರೊ ತೋಳಕ್ಕೆ ನಮ್ಮ ಕಡೆಯ ಕನ್ನಡ ಕಲಿಸೋಣ

'ಡಿಗ್ರಿ ಓದ್ತಾ ಇದೀಯ, ಇನ್ನೂ ಕಾರ್ಟೂನಾ?' ಅನಿಮೆ ನೋಡುವವರೆಲ್ಲ ಒಮ್ಮೆಯಾದರೂ ಕೇಳಿಸಿಕೊಂಡಿರುವ ಮಾತು ಇದು. ಉತ್ತರ ಹೇಳಿ ಹೇಳಿ ಸಾಕಾಗಿದೆ, ಆದರೂ ಇಲ್ಲಿ ಒಮ್ಮೆ ಸರಿಯಾಗಿ ಹೇಳಿಬಿಡುತ್ತೇನೆ. ಅನಿಮೆ ಎಂದರೆ ಜಪಾನಿನ ಅನಿಮೇಷನ್. ಮಾಂಗಾ ಎಂದರೆ ಅಲ್ಲಿನ ಚಿತ್ರಕಥೆ, ಪುಟವನ್ನು ಬಲದಿಂದ ಎಡಕ್ಕೆ ಓದಬೇಕು. ಲೈಟ್ ನಾವೆಲ್ ಎಂದರೆ ನಡುನಡುವೆ ಚಿತ್ರಗಳಿರುವ, ಸರಳ ಭಾಷೆಯ, ಸಂಪುಟದ ಮೇಲೆ ಸಂಪುಟ ಬರುವ ಕಾದಂಬರಿ. ಎಷ್ಟೋ ಸಲ ಒಂದೇ ಕಥೆ ಲೈಟ್ ನಾವೆಲ್ ಆಗಿ ಹುಟ್ಟಿ, ಮಾಂಗಾ ಆಗಿ, ಕೊನೆಗೆ ಅನಿಮೆಯೂ ಆಗುತ್ತದೆ. ಇವುಗಳಲ್ಲಿ ಮಕ್ಕಳಿಗಾಗಿ ಮಾಡಿದವೂ ಇವೆ, ಮಕ್ಕಳಿಗೆ ತೋರಿಸಲೇಬಾರದವೂ ಇವೆ. ಸಾಲ, ಸಾವು, ಯುದ್ಧ, ಒಂಟಿತನ ಯಾವುದನ್ನೂ ಬಿಟ್ಟಿಲ್ಲ.

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಎರಡು ಎಪಿಸೋಡ್ ಆರಾಮಾಗಿ ಮುಗಿಯುತ್ತವೆ. ಸೀಟು ಸಿಕ್ಕರೆ ಮಾತ್ರ! ನಮ್ಮ ಗುಂಪಿನಲ್ಲಿ ನರುಟೊ ದೊಡ್ಡದೋ ಡೀಮನ್ ಸ್ಲೇಯರ್ ದೊಡ್ಡದೋ ಎಂಬ ಜಗಳ ತೆರಕಣಾಂಬಿ ದಾಟಿದರೂ ಮುಗಿಯುವುದಿಲ್ಲ. ಆ ಜಗಳದಲ್ಲಿ ನಾನೂ ಇದ್ದೇನೆ. ಆದರೆ ನನ್ನ ಪಟ್ಟಿಯ ಮೊದಲ ಮೂರು ಸ್ಥಾನ ಬೇರೆಯವಕ್ಕೆ.

ಅದಕ್ಕೂ ಮೊದಲು ನನಗೆ ಹಿಡಿಸದ್ದೊಂದನ್ನು ಹೇಳಬೇಕು. ಈಗ ರಾಶಿ ರಾಶಿ ಬರುತ್ತಿರುವ ಲೈಟ್ ನಾವೆಲ್‌ಗಳು 'ಇಸೆಕಾಯ್' ಜಾತಿಯವು. ಹೀರೊ ಒಬ್ಬ ಸಾಧಾರಣ ಹುಡುಗ. ಲಾರಿ ಗುದ್ದಿಯೋ ಇನ್ನೇನಾಗಿಯೋ ಸಾಯುತ್ತಾನೆ. ಕಣ್ಣು ಬಿಟ್ಟರೆ ಬೇರೆ ಲೋಕ, ಕೈಯಲ್ಲಿ ಯಾರಿಗೂ ಇಲ್ಲದ ಶಕ್ತಿ. 'ರೀ:ಜೀರೊ'ದಂಥ ಕೆಲವು ಈ ಸೂತ್ರವನ್ನೇ ತಿರುಗಿಸಿ ಚೆನ್ನಾಗಿ ಬರೆದಿವೆ. ಅಲ್ಲಿ ಹೀರೊಗಿರುವ ಶಕ್ತಿ ಸತ್ತು ಹಿಂದಿನ ಕ್ಷಣಕ್ಕೆ ಮರಳುವುದು, ಪ್ರತಿ ಸಾವಿನ ನೋವೂ ಅವನಿಗೆ ನೆನಪಿರುತ್ತದೆ. ಉಳಿದ ಬಹುಪಾಲು ನನಗೆ ಬೇಸರ ತರಿಸುತ್ತವೆ. ಇದ್ದ ಊರಿನಲ್ಲಿ ಏನೂ ಆಗದು, ಬೇರೆ ಲೋಕಕ್ಕೆ ಹೋದರೇನೇ ಬದುಕು ಎಂಬ ಮಾತನ್ನು ನಾವು ಹುಟ್ಟಿದಾಗಿನಿಂದ ಕೇಳುತ್ತಿದ್ದೇವೆ. ನಮ್ಮ ಕಡೆ ಆ ಲೋಕದ ಹೆಸರು ಬೆಂಗಳೂರು.

ನನ್ನ ಮೊದಲ ಸ್ಥಾನ 'ಪ್ರಿನ್ಸೆಸ್ ಮೊನೊನೊಕೆ' ಸಿನಿಮಾಕ್ಕೆ. ಹಯಾವೊ ಮಿಯಾಜಾಕಿ 1997ರಲ್ಲಿ ಮಾಡಿದ್ದು. ಮೈತುಂಬ ಸಿಟ್ಟು ತುಂಬಿಕೊಂಡ ದೈತ್ಯ ಹಂದಿಯೊಂದು ಊರಿಗೆ ನುಗ್ಗುತ್ತದೆ. ಅಶಿತಾಕ ಎಂಬ ಹುಡುಗ ಅದನ್ನು ಕೊಲ್ಲುತ್ತಾನೆ, ಅದರ ಶಾಪ ಅವನ ತೋಳಿಗೆ ಅಂಟುತ್ತದೆ. ಹಂದಿಯ ದೇಹದೊಳಗೆ ಸಿಕ್ಕಿದ್ದು ಒಂದು ಕಬ್ಬಿಣದ ಗುಂಡು. ಅದು ಎಲ್ಲಿಂದ ಬಂತೆಂದು ಹುಡುಕಿ ಹೊರಟವನು ಕಬ್ಬಿಣ ಕರಗಿಸುವ ಊರೊಂದಕ್ಕೆ ಬರುತ್ತಾನೆ. ಆ ಊರಿನ ಒಡತಿ ಎಬೋಶಿ ಕಾಡು ಕಡಿಸುತ್ತಾಳೆ, ಪ್ರಾಣಿಗಳನ್ನು ಗುಂಡಿಟ್ಟು ಕೊಲ್ಲಿಸುತ್ತಾಳೆ. ಸರಿ, ಇವಳೇ ವಿಲನ್ ಎಂದುಕೊಳ್ಳುವಷ್ಟರಲ್ಲಿ, ವೇಶ್ಯಾಗೃಹಗಳಿಗೆ ಮಾರಿಹೋದ ಹೆಣ್ಣುಮಕ್ಕಳನ್ನು ಬಿಡಿಸಿ ತಂದು ಕೆಲಸ ಕೊಟ್ಟವಳೂ, ಯಾರೂ ಮುಟ್ಟದ ಕುಷ್ಠರೋಗಿಗಳಿಗೆ ಸೂರು ಕೊಟ್ಟವಳೂ ಅವಳೇ ಎಂದು ಗೊತ್ತಾಗುತ್ತದೆ. ಇತ್ತ ಕಾಡಿನಲ್ಲಿ ಮೊರೊ ಎಂಬ ತಾಯಿ ತೋಳ, ಅದು ಸಾಕಿದ ಮನುಷ್ಯರ ಮಗಳು ಸ್ಯಾನ್. ಅವರ ಸಿಟ್ಟೂ ನ್ಯಾಯವಾದದ್ದೇ. ಕೊನೆಯನ್ನು ಹೇಳಿ ನಿಮ್ಮ ಖುಷಿ ಕೆಡಿಸುವುದಿಲ್ಲ. ಕಾಡು ಮತ್ತು ಊರು ತಬ್ಬಿಕೊಂಡು ಸುಖವಾಗಿರುವ ಕಥೆ ಅದಲ್ಲ ಎಂದಷ್ಟೇ ಹೇಳುತ್ತೇನೆ.

ಇದು ಜಪಾನಿನ ಕಥೆ ಎಂದು ನನಗೆ ಅನ್ನಿಸುವುದೇ ಇಲ್ಲ. ನಮ್ಮ ಜಿಲ್ಲೆಯ ಸುಮಾರು ಅರ್ಧದಷ್ಟು ನೆಲ ಕಾಡು. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಮೊದಲ ಪಟ್ಟಿಯಲ್ಲೇ ಬಂಡೀಪುರ ಇತ್ತು. ಗುಂಡ್ಲುಪೇಟೆಯಿಂದ ಬಂಡೀಪುರ ದಾಟಿ ಹೋಗುವ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧವಿದೆ. ಕಾಡಂಚಿನ ಹೊಲಗಳಲ್ಲಿ ಆನೆ, ಹಂದಿ ಕಾಯುತ್ತ ರಾತ್ರಿಯೆಲ್ಲ ಅಟ್ಟಣೆಯ ಮೇಲೆ ಕೂರುವವರಿದ್ದಾರೆ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ವನ್ಯಧಾಮದಲ್ಲಿ ಒಂದು ತಾಯಿ ಹುಲಿ ಮತ್ತು ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಸತ್ತ ಹಸುವಿನ ಮೈಗೆ ವಿಷ ಹಾಕಿದ್ದು ತನಿಖೆಯಲ್ಲಿ ಗೊತ್ತಾಯಿತು. ಅದೇ ಸೆಪ್ಟೆಂಬರ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಬೊಮ್ಮಲಾಪುರದಲ್ಲಿ, ಹುಲಿ ಹಿಡಿಯಲು ಇಟ್ಟ ಬೋನಿನೊಳಗೆ ಊರಿನವರು ಅರಣ್ಯ ಸಿಬ್ಬಂದಿಯನ್ನೇ ಕೂಡಿಹಾಕಿದರು.

ಇಂಥ ಸುದ್ದಿ ಬಂದಾಗ ಮೊಬೈಲ್‌ನಲ್ಲಿ ಎರಡೇ ಬಣ ಇರುತ್ತವೆ. ದೂರದ ಊರಿನವರಿಗೆ ರೈತ ರಾಕ್ಷಸ, ಹತ್ತಿರದವರಿಗೆ ಅರಣ್ಯ ಇಲಾಖೆ ರಾಕ್ಷಸ. ಹುಲಿಗೆ ವಿಷ ಹಾಕಿದ್ದು ಅಪರಾಧವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಸು ಕಳೆದುಕೊಂಡ ಮನೆಯ ರಾತ್ರಿ ಹೇಗಿರುತ್ತದೆ ಎಂದು ಯಾರಾದರೂ ಕೇಳಬೇಕಲ್ಲ? ಮಿಯಾಜಾಕಿ ಎರಡು ಗಂಟೆಯ ಸಿನಿಮಾದಲ್ಲಿ ಎರಡೂ ಕಡೆಯವರ ಮಾತು ಕೇಳಿಸಿದ್ದಾರೆ. ಅದಕ್ಕೇ ಅದು ನನ್ನ ನಂಬರ್ ಒನ್.

ಎರಡನೆಯದು ಮಾಂಗಾ, 'ಸಿಲ್ವರ್ ಸ್ಪೂನ್'. ಬರೆದವರು 'ಫುಲ್‌ಮೆಟಲ್ ಆಲ್ಕೆಮಿಸ್ಟ್' ಖ್ಯಾತಿಯ ಹಿರೋಮು ಅರಕಾವಾ. ಹೊಕ್ಕೈಡೊದ ಹೈನುಗಾರಿಕೆಯ ಕುಟುಂಬದಲ್ಲಿ ಬೆಳೆದವರು. 2011ರಿಂದ 2019ರವರೆಗೆ ಬಂದ ಈ ಕಥೆಯಲ್ಲಿ ಹಚಿಕೆನ್ ಎಂಬ ಪಟ್ಟಣದ ಹುಡುಗ ಮಾರ್ಕ್ಸ್ ಓಟದಲ್ಲಿ ಸೋತು, ಮನೆಯಿಂದ ದೂರವಿದ್ದರೆ ಸಾಕೆಂದು ಕೃಷಿ ಶಾಲೆಗೆ ಸೇರುತ್ತಾನೆ. ಅಲ್ಲಿ ಸಾಕಿದ ಹಂದಿಮರಿಗೆ ಹೆಸರಿಟ್ಟು, ಅದು ಮುಂದೆ ಮಾಂಸವಾಗುತ್ತದೆ ಎಂಬುದನ್ನು ಎದುರಿಸಬೇಕಾಗುತ್ತದೆ. ಅವನ ಗೆಳೆಯ ಕೊಮಾಬ ಒಳ್ಳೆಯ ಬೇಸ್‌ಬಾಲ್ ಆಟಗಾರ. ಮನೆಯ ಡೈರಿ ಸಾಲದಲ್ಲಿ ಮುಳುಗುತ್ತದೆ, ಹುಡುಗ ಆಟ, ಓದು ಎರಡನ್ನೂ ಬಿಟ್ಟು ಹೋಗುತ್ತಾನೆ. ಬೆಳಗ್ಗೆದ್ದು ಡೈರಿಗೆ ಹಾಲು ಹಾಕಿ ಕಾಲೇಜಿಗೆ ಬರುವ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಈ ಪುಟಗಳನ್ನು ಯಾರೂ ವಿವರಿಸಬೇಕಾಗಿಲ್ಲ.

ಮೂರನೆಯದು ಲೈಟ್ ನಾವೆಲ್, ಇಸುನಾ ಹಸೆಕುರಾ ಅವರ 'ಸ್ಪೈಸ್ ಆ್ಯಂಡ್ ವುಲ್ಫ್'. ಮೊದಲ ಸಂಪುಟ ಬಂದದ್ದು 2006ರಲ್ಲಿ. ಲಾರೆನ್ಸ್ ಗಾಡಿ ಹೊಡೆದುಕೊಂಡು ಊರೂರು ತಿರುಗುವ ವ್ಯಾಪಾರಿ. ಹೋಲೊ ಗೋಧಿ ಬೆಳೆ ಕಾಯುತ್ತಿದ್ದ ತೋಳದೇವತೆ. ಬೇಸಾಯದ ಹೊಸ ವಿಧಾನ ಬಂದ ಮೇಲೆ ಊರಿನವರಿಗೆ ಅವಳು ಬೇಡವಾಗಿದ್ದಾಳೆ. ಇಬ್ಬರೂ ಜೊತೆಯಾಗಿ ಹೊರಡುತ್ತಾರೆ. ಇದರಲ್ಲಿ ಕತ್ತಿ ಕಾಳಗಕ್ಕಿಂತ ವ್ಯಾಪಾರದ ಲೆಕ್ಕಾಚಾರ ಹೆಚ್ಚು. ಬೆಳ್ಳಿ ನಾಣ್ಯದಲ್ಲಿ ಬೆಳ್ಳಿ ಎಷ್ಟಿದೆ ಎಂಬ ಒಂದು ಗಾಳಿಸುದ್ದಿಯ ಮೇಲೇ ಮೊದಲ ಸಂಪುಟ ನಿಂತಿದೆ. ಅರಿಸಿನ ಬೆಳೆದು ಈರೋಡ್ ದರ ಏರುವುದನ್ನು ಕಾಯುವ, ಓಣಂ ಹೊತ್ತಿಗೆ ಕೇರಳದ ವ್ಯಾಪಾರಿ ತರಕಾರಿಗೆ ಎಷ್ಟು ಕೊಡುತ್ತಾನೋ ಎಂದು ಎದುರು ನೋಡುವ ಮನೆಗಳಲ್ಲಿ ಇದನ್ನು ಓದಿದರೆ ಥ್ರಿಲ್ಲರ್ ಥರವೇ ಇರುತ್ತದೆ.

ಈಗ ನನ್ನ ತಕರಾರಿಗೆ ಬರುತ್ತೇನೆ. ಈ ಮೂರನ್ನೂ ಚೆನ್ನಾಗಿ ಅರ್ಥ ಮಾಡಿಕೊಳ್ಳಬಲ್ಲವರು ಅಟ್ಟಣೆಯ ಮೇಲೆ, ಕೊಟ್ಟಿಗೆಯಲ್ಲಿ, ಮಂಡಿಯಲ್ಲಿ ಇದ್ದಾರೆ. ಅವರಿಗೆ ಇಂಗ್ಲಿಷ್ ಸಬ್‌ಟೈಟಲ್ ಓದಲು ಬರುವುದಿಲ್ಲ. 2025ರ ಜನವರಿಯಲ್ಲಿ ಭಾರತ ಮತ್ತು ಜಪಾನಿನ ಕಲಾವಿದರು ಸೇರಿ ಮಾಡಿದ ಹಳೆಯ ರಾಮಾಯಣ ಅನಿಮೆ ಥಿಯೇಟರಿಗೆ ಮರಳಿತು. ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿತ್ತು. ಸೆಪ್ಟೆಂಬರ್ 12ಕ್ಕೆ 'ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್' ಬಂತು. ಜಪಾನೀಸ್ ಜೊತೆಗೆ ಮತ್ತೆ ಅವೇ ನಾಲ್ಕು ಭಾಷೆ. ಗಡಿ ಜಿಲ್ಲೆಯವರಾದ ನಮಗೆ ತಮಿಳು ಕಿವಿಗೆ ಹೊಸದಲ್ಲ, ಅದರಲ್ಲೇ ನೋಡುವವರು ಬೇಕಾದಷ್ಟಿದ್ದಾರೆ. ನನಗೆ ತಮಿಳಿನ ಮೇಲೆ ಸಿಟ್ಟಿಲ್ಲ. ಅವರ ಭಾಷೆಗೆ ಬಂದದ್ದು ನಮ್ಮ ಭಾಷೆಗೆ ಯಾಕೆ ಬರಬಾರದು ಎಂಬುದಷ್ಟೇ ಪ್ರಶ್ನೆ.

ಡಬ್ಬಿಂಗ್ ಎಂದರೆ ಕನ್ನಡದಲ್ಲಿ ಹಳೆಯ ಗಾಯ. ಆಗಿನ್ನೂ ಚಿಕ್ಕದಿದ್ದ ಕನ್ನಡ ಚಿತ್ರರಂಗವನ್ನು ಉಳಿಸಲು ಹಿರಿಯರು ಅದನ್ನು ವಿರೋಧಿಸಿದರು. ಗಡಿಯಾಚೆಯ ಗಾಜನೂರಿನಲ್ಲಿ ಹುಟ್ಟಿದ, ನಾವು ನಮ್ಮವರೆಂದೇ ಹೇಳಿಕೊಳ್ಳುವ ರಾಜ್‌ಕುಮಾರ್ ಕೂಡ ಆ ಸಾಲಿನಲ್ಲಿದ್ದರು. ಆ ಕಾಲಕ್ಕೆ ಅದಕ್ಕೆ ಅರ್ಥವಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ಸರಿಯಲ್ಲ ಎಂದು ಆದೇಶಿಸಿತು. 2020ರ ಲಾಕ್‌ಡೌನ್‌ನಲ್ಲಿ ಕನ್ನಡಕ್ಕೆ ಬಂದ ಮಹಾಭಾರತ ಧಾರಾವಾಹಿಯನ್ನು ಮನೆಮಂದಿಯೆಲ್ಲ ಕೂತು ನೋಡಿದ್ದು ನೆನಪಿರಬಹುದು. ಬಾಗಿಲು ತೆರೆದಿದೆ, ಥಿಯೇಟರಿಗೆ ಬಂದ ಆ ಎರಡು ಅನಿಮೆ ಮಾತ್ರ ಹೊರಗೇ ನಿಂತವು.

ಜಪಾನಿನ ಕಥೆ ನಮ್ಮ ಜನಕ್ಕೆ ಹಿಡಿಸುತ್ತದಾ ಎನ್ನುವವರಿಗೆ ಒಂದು ಮಾತು. ಅನಿಮೆ ಅಭಿಮಾನಿಗಳು ಉದ್ದನೆಯ ಕಥೆಯ ಒಂದೊಂದು ಘಟ್ಟವನ್ನು 'ಆರ್ಕ್' ಎನ್ನುತ್ತಾರೆ. ನಮ್ಮ ದೇವರಗುಡ್ಡರು ಕಂಸಾಳೆ ಹಿಡಿದು ರಾತ್ರಿಗಟ್ಟಲೆ ಹಾಡುವ ಮಾದೇಶ್ವರನ ಕಾವ್ಯದಲ್ಲಿ ಅದಕ್ಕೆ 'ಸಾಲು' ಎನ್ನುತ್ತಾರೆ. ಸಂಕಮ್ಮನ ಸಾಲು, ಜುಂಜೇಗೌಡನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು. ಕಥಾನಾಯಕ ಓಡಾಡುವುದು ಹುಲಿಯ ಮೇಲೆ! ಇಂಥ ಕಥೆ ಕೇಳಿ ಬೆಳೆದ ಜನಕ್ಕೆ ಮಾತನಾಡುವ ತೋಳ ಎಂದರೆ ಏನೂ ವಿಚಿತ್ರವಲ್ಲ. ಪುಸ್ತಕದ ಮಾತಿಗೆ ಬಂದರೂ ಅಷ್ಟೇ. 1965ರಲ್ಲಿ ಅಮರ ಚಿತ್ರಕಥೆಯ ಮೊದಲ ಪುಸ್ತಕಗಳು ಹೊರಬಂದದ್ದೇ ಕನ್ನಡದಲ್ಲಿ, ಅವೂ ವಿದೇಶದ ಕಥೆಗಳು.

ಇನ್ನು ಯಾವ ಕನ್ನಡ ಎಂಬ ಪ್ರಶ್ನೆ. ದಯವಿಟ್ಟು ಜಾಹೀರಾತಿನ ಕನ್ನಡ ಬೇಡ. ಜಪಾನೀಸ್‌ನಲ್ಲಿ ತಾಯಿ ತೋಳ ಮೊರೊಗೆ ದನಿ ಕೊಟ್ಟವರು ಅಕಿಹಿರೊ ಮಿವಾ ಎಂಬ ಗಂಡಸು. ಆ ಗಡಸು ದನಿಯಲ್ಲಿ ಮಮತೆಯೂ ಇದೆ, ಗದರಿಕೆಯೂ ಇದೆ. ಕನ್ನಡದ ಮೊರೊ ನಮ್ಮ ಕಡೆಯ ಅಜ್ಜಿಯಂತೆ 'ಸುಮ್ಕಿರ್ಲಾ, ನಿಂಗೇನ್ ಗೊತ್ತದು' ಎಂದು ಅಶಿತಾಕನನ್ನು ಗದರಬೇಕು. ಎಬೋಶಿಯ ಊರಿನ ಹೆಂಗಸರು ಮಂಡಿಯಲ್ಲಿ ಚೌಕಾಶಿ ಮಾಡುವವರ ಹಾಗೆ ಗಟ್ಟಿಯಾಗಿ ನಗಬೇಕು.

ಕೇಳಿದರೆ ಸಿಗುತ್ತದಾ? ಸಿಕ್ಕಿದ ಉದಾಹರಣೆ ಇದೆ. ಮಕೊಟೊ ಶಿಂಕಾಯ್ ಅವರ 'ವೆದರಿಂಗ್ ವಿತ್ ಯು' 2019ರ ಅಕ್ಟೋಬರ್‌ನಲ್ಲಿ ಭಾರತದ ಥಿಯೇಟರಿಗೆ ಬಂದದ್ದು ಸಾವಿರಾರು ಅಭಿಮಾನಿಗಳು ಸಹಿ ಹಾಕಿ ಕೇಳಿದ್ದರಿಂದ. ನಾವೂ ಕೇಳೋಣ. ನೀವು ದುಡ್ಡು ಕೊಟ್ಟು ನೋಡುವ ಆ್ಯಪ್‌ಗೆ ಕನ್ನಡ ಬೇಕೆಂದು ಬರೆಯಿರಿ. ಜಪಾನೀಸ್ ಕಲಿಯುತ್ತಿರುವ ಗೆಳೆಯರಿದ್ದರೆ, ಕಂಪನಿ ಕೆಲಸದ ಜೊತೆಗೆ ಮಾಂಗಾ ಅನುವಾದವನ್ನೂ ಯೋಚಿಸು ಎಂದು ಹೇಳಿ. ಕನ್ನಡ ಪ್ರಕಾಶಕರು ಧೈರ್ಯ ಮಾಡಿ 'ಸಿಲ್ವರ್ ಸ್ಪೂನ್' ತಂದರೆ ಮೊದಲ ಪ್ರತಿ ನನ್ನದು. ಎರಡನೆಯದನ್ನೂ ನಾನೇ ಕೊಳ್ಳುತ್ತೇನೆ, ಅದು ನಮ್ಮೂರ ಡೈರಿಯ ಕಟ್ಟೆಗೆ.