ಬಾರದ ಪಂಪಿನ ಹಣ ವಾಪಸು ಬಂತು

ಸಂಪಾಜೆಯಲ್ಲಿ ನನ್ನದು ಖುಷ್ಕಿ ಜಾಗ. ಹೊಳೆಬದಿಯ ತೋಟದವರಿಗೆ ಪಯಸ್ವಿನಿ ಇದ್ದಾಳೆ, ನಮ್ಮ ಗುಡ್ಡೆಗೆ ಮಳೆಯೇ ಗತಿ. ಎರಡು ಎಕ್ರೆ ಗೇರು, ಸ್ವಲ್ಪ ರಬ್ಬರು, ಕಾಡುಮರಕ್ಕೆ ಬಿಟ್ಟ ಕರಿಮೆಣಸು. ಗೇರು ಚಿಗುರುವಾಗ ಟೀ ಸೊಳ್ಳೆಗೆ ಮದ್ದು ಬಿಡದಿದ್ದರೆ ಮತ್ತೆ ಮರದಡಿಗೆ ಹೋಗುವ ಕೆಲಸ ಕಮ್ಮಿ.

2024ರ ನವೆಂಬರಿನಲ್ಲಿ ನನ್ನ ಹಳೆ ಪಂಪು ಕೈಕೊಟ್ಟಿತು. ಸುಳ್ಯದಲ್ಲಿ ಕಾಲೇಜಿಗೆ ಹೋಗುವ ಮಗಳು, "ಅಪ್ಪ, ಫೋನಲ್ಲೇ ತರಿಸುವ, ಬ್ಯಾಟರಿದು, ಅಂಗಡಿಗಿಂತ ಆರುನೂರು ಕಮ್ಮಿ" ಅಂದಳು. 3,850 ರೂಪಾಯಿ. ಯುಪಿಐಯಲ್ಲಿ ಮುಂಗಡವಾಗಿ ಪೂರ್ತಿ ಕಟ್ಟಿದೆವು. ನವೆಂಬರ್ 19ರ ಒಳಗೆ ಬರುತ್ತದೆ ಎಂದಿತ್ತು. ಬರಲಿಲ್ಲ. 21ಕ್ಕೆ ಫೋನಿಗೆ ಒಂದು ಮೆಸೇಜು ಬಂತು, 'ನಿಮ್ಮ ವಸ್ತು ತಲುಪಿದೆ' ಅಂತ.

ಎಲ್ಲಿ ತಲುಪಿದೆ? ನಮ್ಮ ಊರಿನದು ಒಂದು ತಮಾಷೆ ಉಂಟು. ಸಂಪಾಜೆ ಎರಡು. ಒಂದು ಕೊಡಗಿನದು, ಮಡಿಕೇರಿ ತಾಲೂಕು. ಇನ್ನೊಂದು ದಕ್ಷಿಣ ಕನ್ನಡದ್ದು, ಸುಳ್ಯ ತಾಲೂಕು. ಎರಡಕ್ಕೂ ಬೇರೆ ಬೇರೆ ಪಂಚಾಯತು. ಕೊರಿಯರಿನ ಹುಡುಗರಿಗೆ ಇದು ಗೊತ್ತಿರುವುದಿಲ್ಲ. ಸಾಮಾನನ್ನು ಯಾವುದೋ ಅಂಗಡಿಯಲ್ಲಿ ಇಟ್ಟು ಹೋಗುವುದೂ ಉಂಟು. ನಾನು ಎರಡು ಸಂಪಾಜೆಯ ಅಂಗಡಿಗಳಲ್ಲೂ ಕೇಳಿದೆ. ಯಾರೂ ಪಂಪು ನೋಡಿದವರಿಲ್ಲ.

ಕಂಪೆನಿಗೆ ಫೋನು ಮಾಡಿದರೆ ಯಂತ್ರ ಮಾತಾಡುತ್ತದೆ. ಒಂದು ಒತ್ತಿ, ಎರಡು ಒತ್ತಿ. ನಮ್ಮಲ್ಲಿ ನೆಟ್‌ವರ್ಕ್ ಸಿಗಬೇಕಾದರೆ ಗುಡ್ಡೆಯ ತಲೆಗೆ ಹೋಗಬೇಕು, ಅಲ್ಲಿ ನಿಂತು ಇಪ್ಪತ್ತು ನಿಮಿಷ ಒತ್ತಿದ್ದೇ ಬಂತು. ಮಗಳು ಫೋನಲ್ಲೇ ಬರೆದು ಕೇಳಿದಳು. 'ನಮ್ಮ ದಾಖಲೆಯಲ್ಲಿ ತಲುಪಿದೆ ಎಂದಿದೆ' ಎಂಬುದೊಂದೇ ಉತ್ತರ.

ಅಲ್ಲಿಗೆ ನಾನು ಬಿಟ್ಟುಬಿಡುತ್ತಿದ್ದೆ. ತಲೆ ಕೆಟ್ಟದ್ದು ಒಂದೇ ವಿಷಯಕ್ಕೆ. ಬಂದಿಲ್ಲ ಎಂಬುದನ್ನು ನಾನು ಹೇಗೆ ತೋರಿಸಲಿ? ಇಲ್ಲದ ಪಂಪಿನ ಫೋಟೋ ತೆಗೆಯಲಿಕ್ಕಾಗುತ್ತದಾ? ಕೊಟ್ಟಿದ್ದೇನೆ ಎನ್ನುವವನು ಯಾರಿಗೆ ಕೊಟ್ಟ, ಎಲ್ಲಿ ಕೊಟ್ಟ ಎಂದು ತೋರಿಸಲಿ. ಇದನ್ನೇ ಬರೆಯುವ ಎಂದೆ. ನಾನು ಏಳನೇ ಕ್ಲಾಸು, ನಾನು ಹೇಳಿದೆ, ಮಗಳು ಇಂಗ್ಲಿಷಿನಲ್ಲಿ ಟೈಪು ಮಾಡಿದಳು.

ಯಾರಿಗೆ ಬರೆಯುವುದು ಎಂಬುದು ಮುಖ್ಯ. 2020ರ ಜುಲೈಯಲ್ಲಿ ಕೇಂದ್ರ ಸರಕಾರ ಇ-ಕಾಮರ್ಸ್ ನಿಯಮ ತಂದಿದೆ. ಅದರ ಪ್ರಕಾರ ಆನ್‌ಲೈನ್ ಮಾರುವ ಪ್ರತಿ ಕಂಪೆನಿಯೂ ಒಬ್ಬ ದೂರು ಅಧಿಕಾರಿಯನ್ನು ಇಡಬೇಕು. ಅವರ ಹೆಸರು, ವಿಳಾಸ ಎಲ್ಲ ಕಂಪೆನಿಯ ಪುಟದಲ್ಲಿ ಇರಬೇಕು. ಪುಟದ ತೀರಾ ಅಡಿಯಲ್ಲಿ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಇರುತ್ತದೆ, 'ಗ್ರೀವೆನ್ಸ್ ಆಫೀಸರ್' ಎಂದು ಹುಡುಕಬೇಕು. ದೂರು ಸಿಕ್ಕಿದೆ ಎಂದು ಅವರು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಹೇಳಿದ ದಿನಕ್ಕಿಂತ ತಡವಾಗಿ ಬಂದ ಸಾಮಾನನ್ನು ವಾಪಸು ತೆಗೆದುಕೊಳ್ಳುವುದಿಲ್ಲ, ಹಣ ಕೊಡುವುದಿಲ್ಲ ಎಂದು ಮಾರುವವರು ಹೇಳುವ ಹಾಗಿಲ್ಲ ಎಂದೂ ಅದೇ ನಿಯಮ ಹೇಳುತ್ತದೆ. ತಡವಾದ ಸಾಮಾನಿಗೇ ಹೀಗಾದರೆ ಬಾರದ್ದಕ್ಕೆ ಕೇಳಬೇಕೇ! ತಡಕ್ಕೆ ಒಂದು ವಿನಾಯಿತಿ ಮಾತ್ರ ಉಂಟು, ಪ್ರಕೃತಿ ವಿಕೋಪದಂಥ ಕೈಮೀರಿದ ಕಾರಣ. 2018ರ ಆಗಸ್ಟಿನಲ್ಲಿ ಜೋಡುಪಾಲದಲ್ಲಿ ಗುಡ್ಡ ಜರಿದು ಮಡಿಕೇರಿ ರಸ್ತೆಯೇ ಹೋಯಿತಲ್ಲ, ಅಂಥ ಹೊತ್ತಿನಲ್ಲಿ ತಡ ಆಯಿತೆಂದು ಜಗಳ ಮಾಡುವ ಹಾಗಿಲ್ಲ.

ನವೆಂಬರ್ 25ಕ್ಕೆ ಕಳಿಸಿದೆವು. ಆರ್ಡರ್ ನಂಬ್ರ, ಹಣ ಕಟ್ಟಿದ ತಾರೀಕು, ಯುಪಿಐ ನಂಬ್ರ, 'ತಲುಪಿದೆ' ಎಂಬ ಮೆಸೇಜಿನ ಚಿತ್ರ ಎಲ್ಲ ಸೇರಿಸಿ, ಕೊನೆಗೆ ಎರಡೇ ಸಾಲು. ನನಗೆ ಪಂಪು ಬಂದಿಲ್ಲ. ಯಾರಿಗೆ ಕೊಟ್ಟಿರಿ, ದಾಖಲೆ ಕಳಿಸಿ, ಇಲ್ಲವಾದರೆ 3,850 ವಾಪಸು ಕೊಡಿ.

ಮಾರನೇ ದಿನ ಸಿಕ್ಕಿದೆ ಎಂದು ಉತ್ತರ ಬಂತು. ಡಿಸೆಂಬರ್ 3ಕ್ಕೆ ದಾಖಲೆಯೂ ಬಂತು, ಒಂದು ಜಗಲಿಯಲ್ಲಿ ಪೆಟ್ಟಿಗೆ ಇಟ್ಟ ಫೋಟೋ. ಜಗಲಿಗೆ ಟೈಲ್ಸು, ಎದುರಿಗೆ ಕಬ್ಬಿಣದ ಗ್ರಿಲ್ಲು. ನನ್ನ ಹೆಂಡತಿ ನೋಡಿ ನಕ್ಕಳು, "ನಮಗೆ ಟೈಲ್ಸು ಹಾಕಿದ್ದು ಯಾವಾಗ ಮಾರಾಯ್ರೆ?" ನಮ್ಮದು ಈಗಲೂ ಕಾವಿ ಜಗಲಿ. ಅದರ ಕೆಳಗೆ ಅವರು 'ದೂರು ಮುಗಿದಿದೆ' ಎಂದೂ ಬರೆದಿದ್ದರು.

ಆಮೇಲೆ ಹಿಡಿದದ್ದು 1915. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಬೆಳಿಗ್ಗೆ 8ರಿಂದ ರಾತ್ರಿ 8, ಫೋನು ಉಚಿತ, ಕನ್ನಡದಲ್ಲೇ ಮಾತಾಡಬಹುದು. ಡಿಸೆಂಬರ್ 5ಕ್ಕೆ ಮಾತಾಡಿದೆ. ಆ ಕಡೆಯ ಹೆಣ್ಣುಮಗಳು ತಾಳ್ಮೆಯಿಂದ ಎಲ್ಲ ಬರೆದುಕೊಂಡು ದೂರಿನ ನಂಬ್ರ ಕೊಟ್ಟಳು. ಅವರ ಫೋಟೋ ಒಂದು, ನಮ್ಮ ಜಗಲಿಯ ಫೋಟೋ ಒಂದು ಕಳಿಸಿದೆವು. ಸಹಾಯವಾಣಿಯವರು ದೂರನ್ನು ಕಂಪೆನಿಗೆ ಕಳಿಸಿ ಉತ್ತರ ಕೇಳುತ್ತಾರೆ, ಅಷ್ಟೆ. ಹಣ ಕೊಡು ಎಂದು ಆಜ್ಞೆ ಮಾಡುವ ಅಧಿಕಾರ ಅವರಿಗಿಲ್ಲ. ಆದರೆ ಯಂತ್ರದ ಬದಲು ಮನುಷ್ಯರು ನಮ್ಮ ದೂರು ನೋಡುವ ಹಾಗಾಗುತ್ತದೆ. ಡಿಸೆಂಬರ್ 20ಕ್ಕೆ 3,850 ರೂಪಾಯಿ ಖಾತೆಗೆ ಬಂತು. 'ಕ್ಷಮಿಸಿ' ಎಂಬ ಶಬ್ದ ಬರಲಿಲ್ಲ, ಬೇಡ ಬಿಡಿ.

ಬಾರದಿದ್ದರೆ ಏನು ಮಾಡುವುದು ಎಂದೂ ವಿಚಾರಿಸಿ ಇಟ್ಟಿದ್ದೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಹಿಂದೆ 1986ರ ಕಾಯಿದೆಯಲ್ಲಿ ಕಂಪೆನಿ ಇರುವಲ್ಲಿ ಅಥವಾ ವ್ಯವಹಾರ ನಡೆದಲ್ಲಿ ಕೇಸು ಹಾಕಬೇಕಿತ್ತು. 2020ರ ಜುಲೈಯಿಂದ ಜಾರಿಯಲ್ಲಿರುವ 2019ರ ಹೊಸ ಕಾಯಿದೆಯಲ್ಲಿ ನಾವು ವಾಸ ಇರುವ ಜಿಲ್ಲೆಯಲ್ಲೇ ಹಾಕಬಹುದು. ನನಗೆ ಸುಳ್ಯ ಹತ್ತಿರವಾದರೂ ಮನೆ ಕೊಡಗಿನಲ್ಲಿ, ಹಾಗಾಗಿ ಮಡಿಕೇರಿ. ಹೊಳೆಯಾಚೆಯ ಸಂಪಾಜೆಯವರಿಗೆ ಮಂಗಳೂರು. ಸಾಮಾನಿನ ಬೆಲೆ ಐದು ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ. ವಕೀಲರು ಬೇಕೇಬೇಕೆಂದಿಲ್ಲ. ತೊಂದರೆ ಆದ ದಿನದಿಂದ ಎರಡು ವರ್ಷದ ಒಳಗೆ ಹಾಕಬೇಕು. 2025ರ ಜನವರಿಯಿಂದ 'ಇ-ಜಾಗೃತಿ' ಎಂಬ ಸರಕಾರಿ ಪುಟದಲ್ಲಿ ಮನೆಯಿಂದಲೇ ದೂರು ಹಾಕುವ ವ್ಯವಸ್ಥೆಯೂ ಬಂದಿದೆ.

"ನೀನು ಕೃಷಿಗೆ ತರಿಸಿದ್ದು, ಅದು ವ್ಯಾಪಾರ, ಗ್ರಾಹಕ ಅಂತ ಲೆಕ್ಕ ಇಲ್ಲ" ಎಂದು ನಮ್ಮ ಭಾವ ಹೆದರಿಸಿದ್ದರು. ಹಾಗಿಲ್ಲ. ಸ್ವಂತ ದುಡಿದು ಹೊಟ್ಟೆ ಹೊರೆಯಲು ಕೊಂಡದ್ದನ್ನು ಕಾಯಿದೆ ವ್ಯಾಪಾರವೆಂದು ಹಿಡಿಯುವುದಿಲ್ಲ. 2012ರಲ್ಲಿ ನ್ಯಾಷನಲ್ ಸೀಡ್ಸ್ ಕಾರ್ಪೊರೇಷನ್ ಮತ್ತು ಆಂಧ್ರದ ರೈತರ ಕೇಸಿನಲ್ಲಿ, ಬೀಜ ಕೊಂಡ ರೈತನೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟು ಹೇಳಿದೆ. ಭಾವನಿಗೆ ಇದನ್ನು ಹೇಳಿದೆ. "ಹಾಗಾದರೆ ಸರಿ" ಎಂದರು, ಪಂಪು ಕೇಳಲು ಹೋದ ದಿನ.

ಇದೆಲ್ಲ ಕಂಪೆನಿ ಅಂತ ಒಂದು ಇದ್ದರೆ ನಡೆಯುವ ದಾರಿ. ಫೋನಲ್ಲಿ ಜಾಹೀರಾತು ತೋರಿಸಿ, ಹಣ ಹಾಕಿಸಿಕೊಂಡು, ಮರುದಿನ ಅಂಗಡಿಯೇ ಇಲ್ಲವಾದರೆ ಅದು ಮೋಸ. ಅದಕ್ಕೆ 1930, ಸೈಬರ್ ಅಪರಾಧದ ನಂಬ್ರ. ಎಷ್ಟು ಬೇಗ ಫೋನು ಮಾಡುತ್ತೇವೋ ಅಷ್ಟು ಒಳ್ಳೆಯದು, ಹಣ ಕಳ್ಳನ ಖಾತೆಯಿಂದ ದಾಟುವ ಮೊದಲು ತಡೆಯಲಿಕ್ಕೆ ಆಗಬಹುದು.

ಹಣ ವಾಪಸು ಕೇಳುವಾಗಲೇ ಇನ್ನೊಂದು ಗುಂಡಿ ಉಂಟು. ಕಂಪೆನಿಯ ಫೋನು ನಂಬ್ರವನ್ನು ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಕಳ್ಳರ ನಂಬ್ರವೂ ಸಿಗುತ್ತದೆ. ನನ್ನ ಅಣ್ಣನ ಮಗ ಹಾಗೆ ಫೋನು ಮಾಡಿದ. "ರಿಫಂಡ್ ಕಳಿಸುತ್ತೇವೆ, ಈ ಚಿತ್ರ ಸ್ಕ್ಯಾನ್ ಮಾಡಿ ಪಿನ್ನು ಹಾಕಿ" ಎಂದರಂತೆ. ಹಾಕಿದ, ಇದ್ದ ಎರಡು ಸಾವಿರವೂ ಹೋಯಿತು. ಯುಪಿಐಯಲ್ಲಿ ಹಣ ಬರಲಿಕ್ಕೆ ಪಿನ್ನು ಬೇಡ, ಪಿನ್ನು ಬೇಕಾಗುವುದು ಹೋಗಲಿಕ್ಕೆ. ಓಟಿಪಿಯೂ ಹಾಗೆಯೇ, ಸಾಮಾನು ಕೈಗೆ ಬರುವ ಮೊದಲು ಕೊರಿಯರಿನವರಿಗೆ ಹೇಳಬಾರದು. ಹೇಳಿದರೆ ಕೊಟ್ಟಂತೆಯೇ ಲೆಕ್ಕ.

ನಮ್ಮ ಪ್ರಾಯದವರಿಗೆ ವಿಪಿಪಿ ನೆನಪಿರಬಹುದು. ಪೋಸ್ಟ್‌ಮ್ಯಾನಿಗೆ ಹಣ ಕೊಟ್ಟ ಮೇಲೆಯೇ ಕಟ್ಟು ಬಿಚ್ಚಲು ಸಿಗುತ್ತಿದ್ದದ್ದು. ಒಳಗೆ ಏನಿದೆಯೋ ಅದೃಷ್ಟ. ಆದರೆ ಕಟ್ಟೇ ಬಾರದೆ ಹಣ ಹೋಗುತ್ತಿರಲಿಲ್ಲ. ಈಗ ಆನ್‌ಲೈನಿನಲ್ಲೂ ಸಾಮಾನು ಬಂದ ಮೇಲೆ ಹಣ ಕೊಡುವ ಕ್ರಮ ಹಲವು ಕಡೆ ಉಂಟು. ನಾವು ಅದನ್ನು ಒತ್ತಲಿಲ್ಲ, ಮುಂಗಡ ಕಟ್ಟಿದರೆ ಐವತ್ತು ರೂಪಾಯಿ ಕಮ್ಮಿ ಎಂದಿತ್ತು.

ಹಣ ಬರುವಾಗ ಗೇರು ಚಿಗುರಿ, ಮೇಲಿನ ಮರಗಳ ಚಿಗುರು ಕರಟಿ ಹೋಗಿತ್ತು. ಭಾವನ ಪಂಪು ತಂದು ಕೆಳಗಿನ ಅರ್ಧಕ್ಕೆ ಮಾತ್ರ ಮದ್ದು ಬಿಟ್ಟಿದ್ದೆ. ಆ ನಷ್ಟಕ್ಕೂ ಪರಿಹಾರ ಕೇಳಬಹುದಿತ್ತು, ಅದಕ್ಕೆ ಆಯೋಗಕ್ಕೇ ಹೋಗಬೇಕು. ಹೋಗಲಿಲ್ಲ. ಜನವರಿಯಲ್ಲಿ ಸುಳ್ಯದ ಅಂಗಡಿಯಿಂದ 4,450 ಕೊಟ್ಟು ಪಂಪು ತಂದೆ. ಬಿಲ್ಲನ್ನು ಮಗಳು ಫೋಟೋ ತೆಗೆದು ಇಟ್ಟಿದ್ದಾಳೆ.